ಕೇಳದೆ ಆಡಿದ ಮಾತು

ಹುಮನಾಬಾದಿನ ಗಂಜಿನ, ಅಂದರೆ ಕಾಳಿನ ಪೇಟೆಯ, ಹಿಂದೆ ನಮ್ಮ ಓಣಿ. ಹದಿನಾಲ್ಕು ಮನೆ, ಒಂದೇ ನಳ, ನಳದ ಮುಂದೆ ಬೆಳಗಾಗುವ ಮೊದಲೇ ಜಗಳ. ಹದಿನಾಲ್ಕರಲ್ಲಿ ಹನ್ನೆರಡು ಮನೆ ಕ್ರೈಸ್ತರವು. ಉಳಿದ ಎರಡರಲ್ಲಿ ಒಂದು ತುಳಜಾಬಾಯಿಯದು, ಇನ್ನೊಂದು ತಹಸೀಲ ಕಚೇರಿಯಲ್ಲಿ ಜವಾನನಾಗಿದ್ದ ಮೊಹಿನುದ್ದೀನನದು. ಅವನ ಮನೆ ಓಣಿಯ ಬಾಯಿಗೇ ಇತ್ತು. ಯಾರು ಬಂದರು, ಯಾರು ಹೋದರು ಎಲ್ಲ ಅವನಿಗೆ ಗೊತ್ತು.

೧೯೭೯ರ ಮಾರ್ಚ್ ಮೊದಲ ವಾರ ಅಂಚೆಯವನು ಉತ್ತಮನ ಮನೆಗೆ ಒಂದು ಕಂದು ಲಕೋಟೆ ಕೊಟ್ಟು ಹೋದ. ಉತ್ತಮ ಗಂಜಿನಲ್ಲಿ ಹಮಾಲಿ ಮಾಡುವವನು. ಅವನ ಮಗಳು ಕೇಶರ ಮ್ಯಾಟ್ರಿಕ್ ಮುಗಿಸಿ ಎರಡು ವರ್ಷ ಅವರಿವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಅವಳಿಗೆ ಗುಲಬರ್ಗಾದಲ್ಲಿ ನರ್ಸಬಾಯಿ ತರಬೇತಿಗೆ ಸೀಟು ಸಿಕ್ಕಿತ್ತು. ಇಂಥ ಸುದ್ದಿ ಬಂದ ಮನೆಯಲ್ಲಿ ಅಂದು ರಾತ್ರಿ ಸಿಹಿ ಶಿರಾ ಮಾಡಬೇಕು. ಇವರು ಪುಂಡಿಪಲ್ಯ, ರೊಟ್ಟಿ ಮುಂದಿಟ್ಟುಕೊಂಡು ಜಗಳಾಡಿದರು.

"ಇದಕ್ಕ ಜಾತಿ ಸರ್ಟಿಫಿಕೇಟ್ ಬೇಕಂತ. ಏಪ್ರಿಲ್ ಇಪ್ಪತ್ತರೊಳಗ" ಎಂದ ಉತ್ತಮ.

"ತಗೊಂಡು ಬಾ ಮತ್ತ" ಎಂದಳು ಅವನ ತಾಯಿ ಮುಕ್ತಾಬಾಯಿ, ರೊಟ್ಟಿ ಮುರಿಯುತ್ತ.

"ಅಷ್ಟ ಹಗರ ಇಲ್ಲವ್ವ. ಸಾಲಿ ದಾಖಲೆದಾಗ ಹಿಂದೂ ಪರಿಶಿಷ್ಟ ಜಾತಿ ಅಂತ ಅದ. ನಾವು ಕ್ರಿಸ್ತರಂತ ಗೊತ್ತಾದ್ರ ಕಾಗದ ಕೊಡೂದಿಲ್ಲ."

ಮುಕ್ತಾಬಾಯಿಯ ಕೈ ನಿಂತಿತು. "ಹಿಂದೂ ಅಂತ ಯಾರ ಬರೆಸಿದ್ರು?"

"ನಾನೇ ಬರೆಸೀನಿ. ಹೆಡ್‌ಮಾಸ್ತರು ಬುದ್ಧಿ ಹೇಳಿದ್ರು, ಬರೆಸ್ದೆ."

"ನನಗ ಒಂದ ಮಾತು ಹೇಳ್ಲಿಲ್ಲ."

"ಹೇಳಿದ್ರ ಬರೆಸಾಕ ಬಿಡ್ತಿದ್ದೇನು?"

ಸೊಸೆ ಕಮಳಾಬಾಯಿ ಅತ್ತೆಯ ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿದಳು. ಮಾತು ಜಗಳಕ್ಕೆ ತಿರುಗುವಾಗ ಅವಳು ಮಾಡುವ ಕೆಲಸ ಅದೊಂದೇ. ಅದರಿಂದ ಜಗಳ ನಿಂತದ್ದನ್ನು ನಾವ್ಯಾರೂ ನೋಡಿಲ್ಲ.

"ಅವ್ವ, ನಿನಗ ದೀಕ್ಷಾಸ್ನಾನ ಆಗಿ ಎಷ್ಟ ವರ್ಷ ಆತು?" ಉತ್ತಮ ಕೇಳಿದ.

"ಬಸವಕಲ್ಯಾಣದಾಗ ಆತು. ನಾ ಹನ್ನೆರಡ ವರ್ಷದಾಕಿ. ಐವತ್ತರ ಮ್ಯಾಲೆ ಆತು."

"ಈ ಐವತ್ತ ವರ್ಷದಾಗ ಹೋಟೆಲಿನ್ಯಾಗ ನಮ್ಮ ಕಪ್ಪು ಒಳಗ ಬಂತೇನು? ಈಗೂ ನಮ್ಮೂರು ಕೊಹಿನೂರಿಗೆ ಹೋದ್ರ ಹೊರಗಿನ ಗೂಡಿನಾಗಿನ ಕಪ್ಪು ನಾವೇ ತಗೋಬೇಕು, ಕುಡದು ನಾವೇ ತೊಳದಿಡಬೇಕು. ಆ ಕಪ್ಪು ಇಟ್ಟಾವಗ ನಾವು ಕ್ರಿಸ್ತರಂತ ಗೊತ್ತಾಗೂದಿಲ್ಲ. ಸರಕಾರಕ್ಕ ಮಾತ್ರ ಗೊತ್ತಾಗ್ತದ!"

ಉತ್ತಮ ಅದೇ ಉಸಿರಿನಲ್ಲಿ ಆಜ್ಞೆ ಮಾಡಿದ: ಕಾಗದ ಕೈಗೆ ಬರುವ ತನಕ ಮನೆಯವರು ಯಾರೂ ಚರ್ಚಿಗೆ ಹೋಗಬಾರದು. ಗಿರದಾವರ, ಅಂದರೆ ತಹಸೀಲದಾರರ ಕೈಕೆಳಗಿನ ವಿಚಾರಣೆ ಸಾಹೇಬ, ಯಾವ ದಿನವಾದರೂ ಮನೆಗೆ ಬರಬಹುದು.

"ಈಸ್ಟರ್ ದಿನ ಆಯಿ ಬಾಗಿಲ ಬಡಿಯೂದು?" ಎಂದು ಕೇಶರ ಅಜ್ಜಿಯತ್ತ ನೋಡುತ್ತ ಕೇಳಿದಳು.

"ಈಸ್ಟರ್ ಏಪ್ರಿಲ್ ಹದಿನೈದಕ್ಕದ. ಅಷ್ಟರಾಗ ಕಾಗದ ಬಂದಿರ್ತದ, ಬಿಡು."

ಬಾಗಿಲು ಬಡಿಯುವುದು ಅಂದರೆ ನಮ್ಮ ಓಣಿಯ ಪದ್ಧತಿ. ಈಸ್ಟರಿನ ಬೆಳಗಿಗೆ, ಇನ್ನೂ ಕತ್ತಲಿರುವಾಗ, ನಾಲ್ವರು ಹೆಂಗಸರು ಕಂದೀಲು ಹಿಡಿದು ಸಮಾಧಿ ತೋಟಕ್ಕೆ ಹೋಗುತ್ತಾರೆ. ಯೇಸು ಎದ್ದ ಸುದ್ದಿ ಮೊದಲು ಸಿಕ್ಕಿದ್ದು ಹೆಂಗಸರಿಗೆ, ಗಂಡಸರು ಆಗ ಅಂಜಿ ಒಳಗೆ ಕೂತಿದ್ದರು. ಅದಕ್ಕೇ ಗಂಡಸರು ಆ ಹೊತ್ತಿಗೆ ಹಾಸಿಗೆ ಬಿಟ್ಟು ಏಳುವಂತಿಲ್ಲ. ಹೆಂಗಸರು ತೋಟ ಮುಟ್ಟಿ ಬಂದು ಒಂದೊಂದೇ ಬಾಗಿಲು ಬಡಿಯುತ್ತಾರೆ. ಒಳಗಿನವರು "ಯಾರು?" ಅನ್ನಬೇಕು. ಹೊರಗಿನಾಕೆ ತನ್ನ ಹೆಸರು ಹೇಳುವುದಿಲ್ಲ, "ಎದ್ದಾನ!" ಅನ್ನುತ್ತಾಳೆ. ಒಳಗಿನವರು "ಖರೇನೇ ಎದ್ದಾನ!" ಎಂದು ಬಾಗಿಲು ತೆರೆದು ದೀಪ ಹಚ್ಚುತ್ತಾರೆ. ಹತ್ತೊಂಬತ್ತು ವರ್ಷದಿಂದ ಆ ಹೊರಗಿನ ದನಿ ಮುಕ್ತಾಬಾಯಿಯದು. ದನಿ ಅಂದರೆ ದನಿ. ಗಂಜಿನ ಆಚೆ ಲಾರಿಯಲ್ಲಿ ಮಲಗಿದ ಕ್ಲೀನರ್ ಕೂಡ ಎದ್ದು ಕೂರಬೇಕು.

ಮರುದಿನದಿಂದ ಮನೆಯನ್ನು ಹಿಂದೂ ಮಾಡುವ ಕೆಲಸ ಶುರುವಾಯಿತು. ಹೆಗಲ ಮೇಲೆ ಕುರಿಮರಿ ಹೊತ್ತ ಯೇಸುವಿನ ದೊಡ್ಡ ಪಟ ಇಪ್ಪತ್ತು ವರ್ಷದಿಂದ ಗೋಡೆಯ ಮೇಲಿತ್ತು. ಉತ್ತಮ ಅದನ್ನು ತೆಗೆದು, ಕೇಶರಳ ಹಳೆಯ ಲಂಗದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟ. ತೆಗೆದ ಮೇಲೆ ನೋಡಿದರೆ ಗೋಡೆಯೆಲ್ಲ ಒಲೆಯ ಹೊಗೆಗೆ ಕಪ್ಪಾಗಿದೆ, ಪಟವಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿದೆ. ತುಳಜಾಬಾಯಿಯ ಹತ್ತಿರ ಅಂಬಾಭವಾನಿಯ ಪಟ ಕಡ ತಂದರು. ಅದು ಸಣ್ಣದು. ತೂಗುಹಾಕಿದರೆ ಸುತ್ತಲೂ ಬೆಳ್ಳನೆಯ ಅಂಚು ಹಾಗೇ ಉಳಿಯಿತು.

ತುಳಜಾಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ ನಕ್ಕಳು. "ಕುರುಡಗೂ ಗೊತ್ತಾಗ್ತದ ಬಿಡು ಉತ್ತಮಾ, ಇಲ್ಲಿ ಬ್ಯಾರೆಯವರು ಇದ್ರು ಅಂತ. ಇರ್ಲಿ. ಖರೆ ಒಂದ ಮಾತು. ಸಂಜಿಗೆ ಆಕಿ ಮುಂದ ದೀಪ ಹಚ್ಚಬೇಕು. ಇಲ್ಲಾಂದ್ರ ಕೊಟ್ಟ ಪಾಪ ನನಗ ಬರ್ತದ."

ಉತ್ತಮ ಹೂಂ ಅಂದು ಮರೆತ. ಮರೆಯದಿದ್ದವಳು ಮುಕ್ತಾಬಾಯಿ. ಸಂಜೆ ಸೊಸೆಯನ್ನು ಕರೆದು ಹೇಳಿದಳು: "ಕಮಳಾ, ದೀಪ ಹಚ್ಚು. ಮಂದಿ ದೇವರನ್ನ ಮನಿಗೆ ಕರಕೊಂಡು ಬಂದು ಕತ್ತಲಾಗ ಕೂಡಿಸಬಾರದು. ಅದು ಮರ್ಯಾದಿ ಅಲ್ಲ."

"ನೀವೇ ಹಚ್ರಿ ಅತ್ತಿ."

"ನಾ ಹಚ್ಚೂದಿಲ್ಲ. ನೀ ಹಚ್ಚು."

ಹೀಗೆ ಕಮಳಾಬಾಯಿ ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ ದಿನಾಲೂ ಅಂಬಾಭವಾನಿಗೆ ದೀಪ ಹಚ್ಚಿದಳು. ಮುಕ್ತಾಬಾಯಿ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪ್ರಾರ್ಥನೆ ಮಾಡಿದಳು. ಕಮಳಾಬಾಯಿಗೆ ಹಣೆಗೆ ಕುಂಕುಮ ಇಡಲು ಬರುತ್ತಿರಲಿಲ್ಲ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಆಗುತ್ತಿತ್ತು. ತುಳಜಾಬಾಯಿ ನಳದ ಹತ್ತಿರ ಹಿಡಿದು ನಿಲ್ಲಿಸಿ ಸೆರಗಿನಿಂದ ಒರೆಸಿ ಸರಿ ಮಾಡಿ ಕಳಿಸುತ್ತಿದ್ದಳು. ನಾವೆಲ್ಲ ನಕ್ಕಿದ್ದೇವೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಉತ್ತಮನಿಗೆ ಒಂದು ಹೆದರಿಕೆ ಹೊಕ್ಕಿತ್ತು. ಗಿರದಾವರ ಬಂದಾಗ ಮುದುಕಿ ಬಾಯಿ ಬಿಟ್ಟರೆ ಹುಡುಗಿಯ ಬಾಳು ಹಾಳು. ಹಾಗಾಗಿ ರಾತ್ರಿ ಊಟಕ್ಕೆ ಕೂತಾಗ ದಿನಾ ತಾನೇ ಗಿರದಾವರನಾದ. ಕೇಶರಳ ಹಳೆಯ ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು, ದನಿ ದಪ್ಪ ಮಾಡಿ ಕೇಳುತ್ತಿದ್ದ.

"ಏನವಾ ಮುದಕಿ, ನೀವು ಕ್ರಿಸ್ತರೇನು?"

ಮುಕ್ತಾಬಾಯಿ ನೀರು ಕುಡಿಯುತ್ತಿದ್ದಳು.

"ಚರ್ಚಿಗೆ ಹೋಗ್ತೀರೇನು?"

ಮತ್ತೆ ನೀರು ಕುಡಿಯುತ್ತಿದ್ದಳು.

"ಅವ್ವ, ಅಲ್ರಿ ಅನ್ನು. ಇಲ್ರಿ ಅನ್ನು. ಎರಡ ಮಾತು. ಬಾಯಿಲೆ ಅಂದ್ರ ಮನಸ್ಸಿಲೆ ಅಂದಂಗ ಆಗೂದಿಲ್ಲ."

"ನಿನಗ ಬಾಯಿ ಬ್ಯಾರೆ, ಮನಸ್ಸು ಬ್ಯಾರೆ ಇರಬಹುದು. ನನಗ ಎರಡೂ ಒಂದೇ ಕಡೆ ಅದಾವ."

"ಉಣ್ಣೂ ಮುಂದ ಅದೇನ ನಾಟಕ ಹಚ್ಚೀರಿ?" ಎನ್ನುತ್ತಿದ್ದಳು ಕಮಳಾಬಾಯಿ. ಕೇಶರ ಮಾತ್ರ ಒಂದು ಉಪಾಯ ಹೇಳಿದಳು. "ಆಯಿ ಏನೂ ಹೇಳೂದೇ ಬ್ಯಾಡ ಅಪ್ಪಾ. ಅಂವ ಬರೂ ದಿನ ಆಯಿ ತುಳಜಾಬಾಯಿ ಮನ್ಯಾಗ ಕುಂಡರ್ಲಿ. ನೀ ಇರು, ನಾ ಇರ್ತೀನಿ." ಎಲ್ಲರಿಗೂ ಇದು ಒಪ್ಪಿಗೆಯಾಯಿತು. ಆದರೂ ಉತ್ತಮ ತಾಲೀಮು ಬಿಡಲಿಲ್ಲ. ಐದು ವಾರ ದಿನಾ ರಾತ್ರಿ ಅದೇ ಪ್ರಶ್ನೆ.

ಗಿರದಾವರ ಬಸವಣಪ್ಪ ಬಂದದ್ದು ಈಸ್ಟರಿಗೆ ಮೂರು ದಿನ ಇರುವಾಗ, ಗುರುವಾರ ಮಧ್ಯಾಹ್ನ ಮೂರು ಗಂಟೆಗೆ. ಹೇಳಿ ಬರಲಿಲ್ಲ, ಅಂಥವರು ಹೇಳಿ ಬರುವುದೂ ಇಲ್ಲ. ಉತ್ತಮ ಗಂಜಿನಲ್ಲಿದ್ದ. ಕೇಶರ ಗಿರಣಿಗೆ ಹೋಗಿದ್ದಳು. ಮುಕ್ತಾಬಾಯಿ ಬಾಗಿಲ ಮುಂದೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮುಂದೆ ಮೊಹಿನುದ್ದೀನ, ಹಿಂದೆ ಕೊಡೆ ಹಿಡಿದ ಬಸವಣಪ್ಪ.

"ಖಾಲಾ, ಸಾಹೇಬರು ಬಂದಾರ" ಎಂದ ಮೊಹಿನುದ್ದೀನ. ಮುಕ್ತಾಬಾಯಿಯನ್ನು ಅವನು ಖಾಲಾ, ಅಂದರೆ ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದ.

ಬಸವಣಪ್ಪ ಒಳ್ಳೆಯ ಮನುಷ್ಯ, ಸುಮ್ಮನೆ ಯಾಕೆ ಆಡಿಕೊಳ್ಳಬೇಕು. ಹೊಸ್ತಿಲಲ್ಲಿ ನಿಂತೇ ಕಾಗದ ತೆಗೆದ.

"ಹುಡುಗಿ ಹೆಸರು ಕೇಶರಬಾಯಿ ಹೌದಲ್ಲ? ನೀವು ಏನಾಗಬೇಕು?"

"ಆಯಿ ಆಗಬೇಕ್ರಿ."

"ಇಲ್ಲಿಗೆ ಬಂದು ಎಷ್ಟ ವರ್ಷ ಆತು?"

"ಮೂವತ್ತ ಆಗಿರ್ತಾವ್ರಿ."

"ಮೂಲ ಊರು?"

"ಕೊಹಿನೂರ್ರಿ."

"ನಿಮ್ಮ ಮಾವನವರು ಏನ ಕೆಲಸ ಮಾಡ್ತಿದ್ರು?"

"ಊರ ಕೆಲಸ ರಿ. ಡಂಗುರ ಸಾರ್ತಿದ್ರು. ಸತ್ತ ದನ ಎಳೀತಿದ್ರು."

ಬಸವಣಪ್ಪ ಬರೆದುಕೊಂಡ. ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿದ. "ಆತು, ಅಷ್ಟೇ" ಎಂದ. ಅಂದು ಸುಮ್ಮನೆ ಒಳಗೆ ಕಣ್ಣು ಹಾಯಿಸಿದ. ಗೋಡೆಯ ಮೇಲೆ ಸಣ್ಣ ಪಟ, ಅದರ ಸುತ್ತ ದೊಡ್ಡ ಬಿಳಿಯ ಗುರುತು. ಅವನ ಕಣ್ಣು ಅಲ್ಲಿ ಸ್ವಲ್ಪ ನಿಂತಿತು. ಅದನ್ನು ಮುಕ್ತಾಬಾಯಿ ನೋಡಿದಳು. ಐದು ವಾರ ನೀರು ಕುಡಿದು ನುಂಗಿದ್ದು ಒಂದೇ ಸಲಕ್ಕೆ ಮೇಲೆ ಬಂತು.

"ನಾವು ಕ್ರಿಸ್ತರಲ್ರಿ ಸಾಹೇಬ್ರ. ಚರ್ಚಿನ ದಿಕ್ಕಿಗೂ ಹೋಗೂದಿಲ್ರಿ. ಯೇಸು ಅಂದ್ರ ಯಾರಂತ ನನಗ ಗೊತ್ತೇ ಇಲ್ರಿ."

ಬಾಗಿಲ ಹಿಂದೆ ನಿಂತಿದ್ದ ಕಮಳಾಬಾಯಿ ಬಾಯಿಗೆ ಸೆರಗು ಹಚ್ಚಿಕೊಂಡಳು. ಬಸವಣಪ್ಪ ಒಂದು ಗಳಿಗೆ ಮುದುಕಿಯ ಮುಖ ನೋಡಿದ.

"ಅದನ್ನ ನಾ ಕೇಳ್ಲಿಲ್ಲಲ್ಲವಾ" ಎಂದ, ಮೆತ್ತಗೆ.

ಕಮಳಾಬಾಯಿ ಚಹಾ ಮಾಡುತ್ತೇನೆಂದಳು. "ಬ್ಯಾಡವಾ, ಈಗೇ ಕುಡದು ಬಂದೀನಿ" ಎಂದು ಕೊಡೆ ಬಿಚ್ಚಿ ನಡೆದ. ಬೈಬಲಿನಲ್ಲಿ ಪೇತ್ರ ಯೇಸುವನ್ನು ಗೊತ್ತಿಲ್ಲ ಅಂದಾಗ ಕೂಗಿದಂತೆ ಕೋಳಿ ಕೂಗಿತೇ ಅಂತ ಕೇಳಬೇಡಿ. ಮಧ್ಯಾಹ್ನ ಮೂರು ಗಂಟೆ, ತುಳಜಾಬಾಯಿಯ ಕೋಳಿಗಳು ತಿಪ್ಪೆ ಕೆದರುತ್ತಿದ್ದವು. ಮುಕ್ತಾಬಾಯಿ ಮೊರ ಕೆಳಗಿಟ್ಟಳು. ಅಂದು ಜೋಳ ಹಸನು ಮಾಡಿ ಮುಗಿಸಿದ್ದು ಕಮಳಾಬಾಯಿ.

ಸಂಜೆ ಉತ್ತಮ ಮನೆಗೆ ಬಂದ. ತಾಯಿಯೇ ಆದದ್ದನ್ನೆಲ್ಲ ಹೇಳಿದಳು. ಅವನಿಗೆ ಮೊದಲು ಖುಷಿಯೇ ಆಯಿತು. "ಛಲೋ ಆತಲ್ಲವ್ವ! ನಾಳಿ ರಜಾ, ಎರಡನೇ ಶನಿವಾರ ರಜಾ, ಆಯಿತವಾರ ರಜಾ. ಸೋಮವಾರ ಕಾಗದ ನಮ್ಮ ಕೈಯಾಗ."

ಮುಕ್ತಾಬಾಯಿ ಎದ್ದು ಹೋಗಿ ಗೋಡೆಗೆ ಒರಗಿ ಕೂತಳು. ಚರ್ಚಿನ ಗಂಟೆ ಕೇಳಿಸಿತು, ಅಂದು ರಾತ್ರಿ ಯೇಸುವಿನ ಕಡೆಯ ಭೋಜನದ ಪ್ರಾರ್ಥನೆ ಇತ್ತು. ಅವಳು ಉಣ್ಣಲಿಲ್ಲ.

ನಳದ ಹತ್ತಿರ ಕೈಕಾಲು ತೊಳೆಯಲು ಹೋದ ಉತ್ತಮನಿಗೆ ಮೊಹಿನುದ್ದೀನ ಸಿಕ್ಕ. "ಯಾಕ ಭಾಯಿ, ಆ ಮುದಕಿ ಬಾಯಿಲೆ ಹಂಗ್ಯಾಕ ಅನಿಸಿದಿ? ಸಾಹೇಬರು ಸಾಲಿ ದಾಖಲೆ ನೋಡಿ ಬರೀತಾರ. ಧರ್ಮದ ಮಾತು ಅವರು ಎತ್ತಲೇ ಇಲ್ಲ. ಹುಮನಾಬಾದಿನಾಗ ಖಾಲಾ ಯಾರಂತ ಯಾರಿಗೆ ಗೊತ್ತಿಲ್ಲ? ವರ್ಷಾ ನನ್ನ ನಿದ್ದಿ ಕೆಡಿಸೂದು ಆಕಿನೇ."

ಉತ್ತಮ ಈ ಮಾತನ್ನು ಮನೆಗೆ ತಂದು ಹೇಳಬಾರದಿತ್ತು. ಸಮಾಧಾನ ಆದೀತೆಂದು ಹೇಳಿದ. ಮುಕ್ತಾಬಾಯಿಯ ಮುಖ ಇನ್ನಷ್ಟು ಸಣ್ಣದಾಯಿತು.

"ಅಂದ್ರ ಅಂವ ಕೇಳೂದೇ ಇದ್ದಿದ್ದಿಲ್ಲೇನು?"

"ಇಲ್ಲಂತ ಅವ್ವ. ಅದಕ್ಕ ಹೇಳಾಕತ್ತೇನಿ, ಮನಸ್ಸಿಗೆ ಹಚ್ಕೋಬ್ಯಾಡ."

"ನೀ ಯೇಸುವಿನ ಶಿಷ್ಯನೇನು ಅಂತ ಪೇತ್ರಗ ಮೂರ ಸಲ ಕೇಳಿದ್ರು. ಕೇಳಿದ್ದಕ್ಕ ಅಂಜಿ ಗೊತ್ತಿಲ್ಲ ಅಂದ. ನನಗ ಒಂದ ಸಲಾನೂ ಯಾರೂ ಕೇಳಿಲ್ಲ. ನಾ ಕೇಳದೇ ಅಂದೆ." ಅವಳು ಅಳಲಿಲ್ಲ. ಅತ್ತಿದ್ದರೆ ಮನೆಯವರಿಗೆ ಹಗುರಾಗುತ್ತಿತ್ತು.

ಶುಕ್ರವಾರ ಓಣಿಯೆಲ್ಲ ಬಿಳಿ ಬಟ್ಟೆ ಉಟ್ಟು ಚರ್ಚಿಗೆ ಹೋಯಿತು. ಉತ್ತಮನ ಮನೆಯ ಬಾಗಿಲು ಮುಚ್ಚಿತ್ತು. ಮಧ್ಯಾಹ್ನ ಕಮಳಾಬಾಯಿ ಬ್ಯಾಳಿ, ರೊಟ್ಟಿ ಮಾಡಿ ಅತ್ತೆಯ ಮುಂದಿಟ್ಟಳು. ಮುಟ್ಟಲಿಲ್ಲ. ಗಂಡನ ಮುಂದಿಟ್ಟಳು. ಅವನು ತುತ್ತು ಎತ್ತಿದಾಗ ಅವಳಿಗೆ ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯಿಂದ ಕಮಳಾಬಾಯಿಯ ದನಿ ನಮಗೆ ಕೇಳಿದ್ದು ಅದೇ ಮೊದಲು.

"ನಿಮಗ ಗಂಟಲದಾಗ ಹ್ಯಾಂಗ ಇಳೀತದ್ರಿ? ಐದ ವಾರ ದಿನಾ ಉಣ್ಣೂ ಮುಂದ ಕೇಳಿ ಕೇಳಿ ಆಕಿ ಬಾಯಾಗ ಆ ಮಾತು ಇಟ್ಟಾವರು ಯಾರು? ನೀವು!"

"ನಾ ಯಾರ ಸಲುವಾಗಿ ಮಾಡ್ದೆ? ನನ್ನ ಸಲುವಾಗೇನು?"

"ನನ್ನ ಸಲುವಾಗಿ ಮಾಡೀದಿ ಅಪ್ಪಾ" ಎಂದಳು ಕೇಶರ. "ನನಗ ಸೀಟು ಬೇಕೇ ಬೇಕು. ಕಳೆ ತೆಗದು ತೆಗದು ನನ್ನ ಬೆರಳು ನೋಡು ಹ್ಯಾಂಗಾಗ್ಯಾವ. ಸುಳ್ಳ ಹೇಳೂದಿಲ್ಲ, ಬೇಕು. ಖರೆ ಆಯಿ ಹಿಂಗ ಕುಂತ್ರ ನನಗ ಗುಲಬರ್ಗಾಕ್ಕ ಹೋಗಾಕ ಕಾಲು ಏಳೂದಿಲ್ಲ."

"ಹುಚ್ಚಿ" ಎಂದಳು ಮುಕ್ತಾಬಾಯಿ ಗೋಡೆಯ ಕಡೆಯಿಂದಲೇ. "ನೀ ಹೋಗು. ನೀ ಹೋಗಬೇಕಂತನೇ ಅಂದೀನಿ. ಅದರಾಗ ನನಗ ಪಶ್ಚಾತ್ತಾಪ ಇಲ್ಲ."

"ಮತ್ತ ಯಾಕ ಉಣವಲ್ಲಿ?"

"ಅದು ನಂದೂ ಯೇಸುಸ್ವಾಮಿದೂ ಮಾತು. ನಡುವ ನೀ ಬರಬ್ಯಾಡ."

ಶನಿವಾರ ಬೆಳಿಗ್ಗೆ ಅವಳು ಕಂದೀಲಿನ ಗಾಜು ಬೂದಿ ಹಚ್ಚಿ ತಿಕ್ಕಿ, ಎಣ್ಣೆ ತುಂಬಿ, ಬತ್ತಿ ಕತ್ತರಿಸಿದಳು. ಉತ್ತಮ ನೋಡಿ ಹೆದರಿದ. ಕಾಗದ ಇನ್ನೂ ಕೈಗೆ ಬಂದಿಲ್ಲ, ಸಾಹೇಬನ ಮುಂದೆ ಕ್ರಿಸ್ತರಲ್ಲ ಅಂದ ಬಾಯಲ್ಲೇ ತಾಯಿ ನಾಳೆ ಬೆಳಿಗ್ಗೆ ಜವಾನನ ಮನೆಯ ಮುಂದೆಯೇ ಕೂಗಿಕೊಂಡು ಹೋದರೆ ಗತಿಯೇನು? ಆದರೆ ಮುಕ್ತಾಬಾಯಿ ಕಂದೀಲನ್ನು ಮೊಮ್ಮಗಳ ಕೈಗೆ ಕೊಟ್ಟಳು. "ಜಿಜಾಬಾಯಿಗೆ ಕೊಟ್ಟ ಬಾ. ಈ ವರ್ಷ ಆಕಿ ಬಾಗಿಲ ಬಡೀಲಿ ಅಂತ ಹೇಳು."

ಜಿಜಾಬಾಯಿ ಆ ನಾಲ್ವರಲ್ಲಿ ಎರಡನೆಯವಳು. ಕಂದೀಲು ನೋಡಿ ತಾನೇ ಓಡಿ ಬಂದಳು.

"ಏನವಾ ಇದು ಮುಕ್ತಾ? ನಿನ್ನ ಬಿಟ್ಟು ನಾವು ಹ್ಯಾಂಗ ಹೋಗೂದು?"

"ಜಿಜಾ, ಗೊತ್ತಿಲ್ಲ ಅಂದ ಬಾಯಿಲೆ ಎದ್ದಾನ ಅಂತ ಹ್ಯಾಂಗ ಹೇಳ್ಲಿ? ಬಾಗಿಲ ಒಳಗಿನವರು ಖರೇನೇ ಅಂತಾರ. ಆ ಖರೇನೇ ಅನ್ನೂದಕ್ಕ ನಾ ಏನಂತ ನಿಂದ್ರಲಿ?"

ಮಧ್ಯಾಹ್ನ ಪಾದ್ರಿ ಸಾಹೇಬರು ಬಂದರು, ಎಳೆಯ ವಯಸ್ಸಿನವರು, ಕೌದಿಯ ಮೇಲೆ ಮುದುಡಿಕೊಂಡು ಕೂತು ದೇವರ ಕ್ಷಮೆ ದೊಡ್ಡದು ಅಂತ ಹೇಳಿದರು. ಮುಕ್ತಾಬಾಯಿ ಕೈಮುಗಿದಳು. "ಕ್ಷಮಾ ಮಾಡ್ತಾನ್ರಿ, ನನಗ ಗೊತ್ತದ. ಖರೆ ಕ್ಷಮಾ ಬ್ಯಾರೆ, ಸುದ್ದಿ ಒಯ್ಯೂದು ಬ್ಯಾರೆ. ಸುದ್ದಿ ಒಯ್ಯಾಕ ನಾ ಇನ್ನ ಉಪಯೋಗಕ್ಕ ಬರೂದಿಲ್ಲ." ಪಾದ್ರಿ ಸಾಹೇಬರು ಪ್ರಾರ್ಥನೆ ಮಾಡಿ ಎದ್ದು ಹೋದರು. ಅವರೂ ಏನು ಮಾಡಿಯಾರು, ಪಾಪ.

ಕೇಶರ ಸಂಜೆ ಜರಡಿ ತರುತ್ತೇನೆಂದು ಜಿಜಾಬಾಯಿಯ ಮನೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಕಮಳಾಬಾಯಿ ಯಾರಿಗೂ ಹೇಳದೆ ಕಡಲೆಬೇಳೆ ನೆನೆಹಾಕಿದಳು. "ಹಬ್ಬದ ಅಡಗಿ ವಾಸನಿ ಹೊರಗ ಹೋಗ್ತದ" ಎಂದ ಉತ್ತಮ. "ಹೋಗ್ಲಿ" ಎಂದಳು ಅವಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸೋಮವಾರ ಕಾಗದ ಸಿಕ್ಕಿತು, ಬಸವಣಪ್ಪ ದಾಖಲೆಯಲ್ಲಿ ಇದ್ದದ್ದನ್ನೇ ಬರೆದಿದ್ದ, ಹುಡುಗಿ ಗುಲಬರ್ಗಾಕ್ಕೂ ಹೋದಳು. ಆದರೆ ಆ ಶನಿವಾರ ರಾತ್ರಿ ಅದು ಯಾರಿಗೂ ಗೊತ್ತಿರಲಿಲ್ಲ. ಒಂದು ಕೂಗಿಗೆ ಎಲ್ಲ ಹೋಗಬಹುದು ಅಂತಲೇ ಆ ಮನೆಯ ನಾಲ್ವರೂ ತಿಳಿದಿದ್ದರು. ಕೇಶರಳೂ ಹಾಗೇ ತಿಳಿದಿದ್ದಳು.

ಈಸ್ಟರಿನ ಬೆಳಗಿಗೆ ಮುಕ್ತಾಬಾಯಿಗೆ ರೂಢಿಯಂತೆ ನಾಲ್ಕಕ್ಕೇ ಎಚ್ಚರವಾಯಿತು. ಹಾಸಿಗೆಯಲ್ಲೇ ಎದ್ದು ಕೂತಳು. ಪಕ್ಕದಲ್ಲಿ ಕೇಶರಳ ಹಾಸಿಗೆ ಖಾಲಿ ಇತ್ತು. ಬಯಲಿಗೆ ಹೋಗಿರಬೇಕು ಅಂದುಕೊಂಡಳು. ಉತ್ತಮನೂ ಎಚ್ಚರವಿದ್ದ. ಕಮಳಾಬಾಯಿಯೂ ಎಚ್ಚರವಿದ್ದಳು. ಮೂವರೂ ಓಣಿಯಲ್ಲಿ ಜಿಜಾಬಾಯಿಯ ದನಿ ಕೇಳುವುದನ್ನೇ ಕಾದರು. ಈ ಮನೆಯ ಬಾಗಿಲನ್ನು ಯಾರೂ ಬಡಿಯಬಾರದೆಂದು ಉತ್ತಮ ಮೊದಲೇ ಹೇಳಿ ಬಂದಿದ್ದ.

ಹೊರಗೆ ಚಪ್ಪಲಿಗಳ ಸದ್ದಾಯಿತು. ಬಾಗಿಲ ಸಂದಿಯಲ್ಲಿ ಕಂದೀಲಿನ ಬೆಳಕು ಬಿತ್ತು. ಬಾಗಿಲ ಮೇಲೆ ಮೂರು ಏಟು ಬಿತ್ತು.

ಉತ್ತಮ ಎದ್ದು ನಿಂತ. ಯಾರೂ "ಯಾರು?" ಅನ್ನಲಿಲ್ಲ.

"ಎದ್ದಾನ!"

ಜಿಜಾಬಾಯಿಯ ದನಿಯಲ್ಲ. ಎಳೆಯ ದನಿ, ಗಂಟಲು ಬಿರಿಯುವ ಹಾಗೆ, ಓಣಿಯ ಬಾಯಿಯವರೆಗೂ ಕೇಳುವ ಹಾಗೆ.

"ಕೇಶರ!" ಉತ್ತಮ ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ. "ಏ ಹುಚ್ಚಿ, ಮೊಹಿನುದ್ದೀನ ಕೇಳ್ತಾನ. ಮೆಲ್ಲಕ!"

"ಕೇಳ್ಲಿ ಅಪ್ಪಾ. ಕೇಳ್ಲಿ ಅಂತನೇ ಒದರಾಕತ್ತೇನಿ." ಆಮೇಲೆ ದನಿ ಇಳಿಸದೆಯೇ ಕರೆದಳು. "ಆಯಿ! ಮುಕ್ತಾಬಾಯಿ! ನಿನಗೇ ಹೇಳಾಕತ್ತೇನಿ. ಸಮಾಧಿಗೆ ಹೋದ ಹೆಣ್ಮಕ್ಕಳಿಗೆ ದೂತ ಏನಂದ? ಶಿಷ್ಯರಿಗೆ ಹೋಗಿ ಹೇಳ್ರಿ ಅಂದ. ಅಷ್ಟಕ್ಕ ಬಿಡ್ಲಿಲ್ಲ. ಪೇತ್ರಗೂ ಹೇಳ್ರಿ ಅಂದ. ಪೇತ್ರ ಶಿಷ್ಯರಾಗ ಇದ್ದಿದ್ದಿಲ್ಲೇನು? ಅಂವನ ಹೆಸರು ಯಾಕ ಬ್ಯಾರೆ ತಗೊಂಡ?"

ಒಳಗೆ ಮುಕ್ತಾಬಾಯಿ ಬಾಗಿಲ ಕಡೆ ತಿರುಗಿದಳು.

"ಬ್ಯಾರೆ ತಗೊಳ್ಳದಿದ್ರ ಅಂವ ಬರ್ತಿದ್ದಿಲ್ಲ ಆಯಿ. ನಾ ಇನ್ನ ಆ ಲೆಕ್ಕದಾಗ ಇಲ್ಲ ಅಂತ ನಿನ್ನಂಗೇ ಗೋಡಿಗೆ ಮುಖ ಮಾಡಿ ಕುಂತಿರ್ತಿದ್ದ. ಅದಕ್ಕ ಹೆಸರ ಹಿಡದು ಕರದ. ನಾನೂ ಕರೀಲಾಕತ್ತೇನಿ. ಮುಕ್ತಾಬಾಯಿ, ಎದ್ದಾನ!"

ಮುಕ್ತಾಬಾಯಿ ನೆಲಕ್ಕೆ ಕೈಯೂರಿ ಎದ್ದಳು. ಮೂರು ದಿನ ಉಂಡಿರಲಿಲ್ಲ. ಕಮಳಾಬಾಯಿ ಹಿಡಿಯಲು ಬಂದರೆ ಬೇಡ ಅಂದಳು. ಬಾಗಿಲು ತಾನೇ ತೆರೆದಳು. ಹೊರಗೆ ಮೂವರು ಮುದುಕಿಯರ ಮುಂದೆ ಕೇಶರ ನಿಂತಿದ್ದಳು, ಬಿಳಿಯ ಸೀರೆ ಉಟ್ಟು, ಪಾದದ ತುಂಬ ತೋಟದ ಕೆಂಪು ಮಣ್ಣು.

"ಖರೇನೇ..." ಎಂದಳು ಮುಕ್ತಾಬಾಯಿ. ಈಗ ಅತ್ತಳು, ಮೂರು ದಿನದ್ದೆಲ್ಲ ಸೇರಿಸಿ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಖರೇನೇ ಎದ್ದಾನ" ಎಂದಳು.

ಹಿಂದೆ ಕಡ್ಡಿ ಗೀರಿದ ಸದ್ದಾಯಿತು. ಉತ್ತಮ ದೀಪ ಹಚ್ಚಿ ತಂದು, ಓಣಿಗೆ ಕಾಣುವ ಹಾಗೆ ಹೊಸ್ತಿಲ ಮೇಲೆ ಇಟ್ಟ.

ಮುಕ್ತಾಬಾಯಿ ಮೊಮ್ಮಗಳ ಕೈಯಿಂದ ಕಂದೀಲು ತೆಗೆದುಕೊಂಡು ಬತ್ತಿ ಏರಿಸಿದಳು.

"ಇನ್ನ ಎಷ್ಟ ಮನಿ ಉಳದಾವ?"

"ಎಲ್ಲಾ ಉಳದಾವ ಆಯಿ. ಯಾರಿಗೂ ಇನ್ನ ಹೇಳಿಲ್ಲ. ಮೊದಲ ನಿನಗ ಹೇಳೂಣು ಅಂತ ಬಂದೆ."